ಕೆಸರು ಬಯಲಿನಲ್ಲಿ ಕಾಂಡ್ಲಾ ನೆಡಬೇಕಾ? ಬೇರೆ ದೇಶದ ಯೋಜನೆಗಳಲ್ಲಿ ನಮ್ಮ ಅಳಿವೆಗೆ ಹೊಂದುವುದು ಯಾವುದು?

ಅಘನಾಶಿನಿ_ದಂಡೆ
ನಮಸ್ಕಾರ. ನಮ್ಮೂರು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಅಳಿವೆಯ ಅಂಚಿನಲ್ಲಿದೆ. ಒಂದು ಕಂಪನಿ ತನ್ನ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ತೆಗೆದಿಡುವ) ದುಡ್ಡಿನಲ್ಲಿ ಊರ ಮುಂದಿನ ಕೆಸರು ಬಯಲಿಗೆ ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡಿಸುತ್ತೇವೆ ಎಂದು ಪಂಚಾಯಿತಿಗೆ ಪತ್ರ ಕೊಟ್ಟಿದೆ. ಗ್ರಾಮಸಭೆಯಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದರು. ಆಫ್ರಿಕಾದ ಹಸಿರು ಗೋಡೆ, ಕೀನ್ಯಾದ ಕಾಂಡ್ಲಾ ಕಾಡು, ಕೋಸ್ಟಾರಿಕಾದಲ್ಲಿ ಕಾಡು ಮತ್ತೆ ಬಂದದ್ದು, ಹಾಲೆಂಡಿನವರು ಸಮುದ್ರಕ್ಕೆ ಮರಳು ಸುರಿದದ್ದು. ನೋಡಿ ಖುಷಿಯಾಯಿತು.

ಆದರೆ ಅವರು ನೆಡಬೇಕು ಅಂದಿರುವ ಜಾಗದಲ್ಲೇ ಇಳಿತದ ಹೊತ್ತಿಗೆ ನಮ್ಮೂರ ಹೆಂಗಸರು ಬಳಚು (ಕೆಸರಿನಲ್ಲಿ ಸಿಗುವ ತಿನ್ನುವ ಚಿಪ್ಪು) ಹೆಕ್ಕುತ್ತಾರೆ. ಎಷ್ಟೋ ಮನೆಗೆ ಅದೇ ದುಡಿಮೆ. ಅಲ್ಲಿ ಗಿಡ ಎದ್ದರೆ ಬಳಚಿನ ಗತಿ ಏನು ಅಂತ ಒಬ್ಬ ಅಜ್ಜಿ ಕೇಳಿದರು. ಉತ್ತರ ಬರಲಿಲ್ಲ. ಪರಿಸರಕ್ಕೆ ಅಡ್ಡ ಬರಬೇಡಿ ಅನ್ನುವ ಮಾತು ಬಂತು.

ನನಗೆ ಕಾಂಡ್ಲಾ ಬೇಕು. ಬಳಚೂ ಬೇಕು. ಮುಂದಿನ ಸಭೆಗೆ ಸರಿಯಾದ ಮಾಹಿತಿ ಇಟ್ಟುಕೊಂಡು ಹೋಗಬೇಕು. ಆ ಚಿತ್ರದಲ್ಲಿ ತೋರಿಸಿದ ಯೋಜನೆಗಳು ನಿಜವಾಗಿ ಹೇಗೆ ನಡೆದವು? ಗೊತ್ತಿದ್ದವರು ಹೇಳಿ.

ಕೋಡಿಬಾಗ
ನೆಡಲಿ ಬಿಡಿ. ಸಸಿ ಅವರದು, ಕೂಲಿ ಅವರದು, ಬೇಡ ಅನ್ನುವುದು ಯಾಕೆ? 2004ರ ಸುನಾಮಿಯಲ್ಲಿ ತಮಿಳುನಾಡಿನ ಪಿಚ್ಚಾವರಂ ಕಡೆ ಕಾಂಡ್ಲಾ ಕಾಡಿನ ಹಿಂದಿದ್ದ ಊರುಗಳಿಗೆ ಪೆಟ್ಟು ಕಡಿಮೆ ಬಿತ್ತು. ಕಾಂಡ್ಲಾ ಇದ್ದರೆ ದಂಡೆ ಕೊರೆಯುವುದಿಲ್ಲ, ಮೀನು ಮರಿಗೂ ಆಸರೆ. ಕಾಳಿ ದಂಡೆಯಲ್ಲಿ ನಾವು ದಿನಾ ನೋಡುತ್ತೇವೆ.

ತಾರ್ಲೆ
ಬಳಚು ಹೋದರೆ ನಾನು ಊರಿಗೆ ಬರುವುದೇ ಬಿಡ್ತೇನೆ. ಅಷ್ಟೇ ನನ್ನ ಅಭಿಪ್ರಾಯ.

ನೀರುಕೋಳಿ
@ಕೋಡಿಬಾಗ, ಕಾಂಡ್ಲಾ ಒಳ್ಳೆಯದು ಅನ್ನುವುದಕ್ಕೆ ಯಾರ ತಕರಾರೂ ಇಲ್ಲ. ಎಲ್ಲಿ ನೆಡುತ್ತಾರೆ ಅನ್ನುವುದೇ ಇಲ್ಲಿರುವ ಪ್ರಶ್ನೆ.

ಫಿಲಿಪ್ಪೀನ್ಸ್‌ನಲ್ಲಿ ದಶಕಗಟ್ಟಲೆ ಇದೇ ಮಾಡಿದರು. ಕೋಟಿಗಟ್ಟಲೆ ಸಸಿ, ಸಾಲ, ನೆರವು, ಫೋಟೋ. 2008ರಲ್ಲಿ ಅಲ್ಲಿನ ಸಂಶೋಧಕರು ಲೆಕ್ಕ ಹಾಕಿ ನೋಡಿದರೆ ಬಹುಕಾಲ ಬದುಕಿದ್ದು ನೂರಕ್ಕೆ 10ರಿಂದ 20 ಮಾತ್ರ. ಕಾರಣ ತೀರಾ ಸರಳ. ಕಾಂಡ್ಲಾ ಸಹಜವಾಗಿ ಬೆಳೆಯುವ ಮೇಲಿನ ಜಾಗವೆಲ್ಲ ಆಗಲೇ ಮೀನು ಹೊಂಡಗಳಾಗಿತ್ತು. ಅದು ಯಾರದೋ ಹೆಸರಿನಲ್ಲಿತ್ತು. ಜಗಳ ಬೇಡ ಅಂತ ಯಾರದ್ದೂ ಅಲ್ಲದ ಜಾಗ ಹುಡುಕಿದರು. ಸಿಕ್ಕಿದ್ದು ಕೆಳಗಿನ ಕೆಸರು ಬಯಲು, ಸಮುದ್ರ ಹುಲ್ಲಿನ ಜಾಗ. ಅಲ್ಲಿ ಗಿಡ ದಿನದ ಹೆಚ್ಚು ಹೊತ್ತು ನೀರಿನಲ್ಲಿ ಮುಳುಗಿರುತ್ತದೆ, ಬೇರಿಗೆ ಉಸಿರಿಲ್ಲ.

ಇನ್ನೊಂದು ವಿಷಯ. ನೆಟ್ಟಿದ್ದು ಹೆಚ್ಚಾಗಿ ರೈಜೋಫೋರಾ ಎಂಬ ಕಾಂಡ್ಲಾ ಜಾತಿ. ಅದರ ಉದ್ದನೆಯ ಕೋಡು ಕೈಗೆ ಸುಲಭವಾಗಿ ಸಿಗುತ್ತದೆ, ಕೆಸರಿಗೆ ಚುಚ್ಚಿದರೆ ಕೆಲಸ ಮುಗಿಯಿತು. ಆದರೆ ಸಮುದ್ರದ ಕಡೆ ಮೊದಲು ಬರುವ ಗಿಡ ಅದಲ್ಲ. ಅವಿಸೀನಿಯಾ, ಸೊನ್ನೆರೇಶಿಯಾ ಜಾತಿಯವು. ಸುನಾಮಿ ನಂತರ ಶ್ರೀಲಂಕಾದಲ್ಲೂ ತಪ್ಪು ಜಾಗದಲ್ಲಿ ನೆಟ್ಟು ಎಷ್ಟೋ ಕಡೆ ಒಂದು ಗಿಡವೂ ಉಳಿಯಲಿಲ್ಲ.

ನಿಮ್ಮ ಅಜ್ಜಿ ಕೇಳಿದ ಪ್ರಶ್ನೆ ಪರಿಸರ ವಿರೋಧಿ ಅಲ್ಲವೇ ಅಲ್ಲ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಕೋಡಿಬಾಗ
ಹಾಗಾದರೆ ನೆಡುವುದೇ ಬೇಡ ಅಂತೀರಾ? ಅರಣ್ಯ ಇಲಾಖೆ ನಮ್ಮ ಜಿಲ್ಲೆಯಲ್ಲಿ ಎಷ್ಟು ವರ್ಷದಿಂದ ನೆಡುತ್ತಿದೆ, ಎಷ್ಟೋ ಕಡೆ ಚೆನ್ನಾಗಿ ಬಂದಿದೆ. ಹೊನ್ನಾವರದಲ್ಲಿ ಶರಾವತಿ ದಂಡೆಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆ ದಾರಿ ಮಾಡಿದ್ದಾರೆ, ಹೋಗಿ ನೋಡಿ.

ನೀರುಕೋಳಿ
ಬಂದ ಕಡೆ ಯಾಕೆ ಬಂತು ಅಂತ ನೋಡಿ. ಹೊಳೆ ಅಂಚು, ಗಜನಿ (ಅಳಿವೆ ಬದಿಯ ಉಪ್ಪು ನೀರಿನ ಗದ್ದೆ) ಕಟ್ಟೆ ಪಕ್ಕ, ದಿನಕ್ಕೆರಡು ಸಲ ನೀರು ಬಂದು ಇಳಿದು ಹೋಗುವ ಎತ್ತರ. ಅಂಥ ಕಡೆ ನೆಡಿ, ನಾನೂ ಬಂದು ನೆಡುತ್ತೇನೆ.

ಫ್ಲೋರಿಡಾದಲ್ಲಿ ರಾಬಿನ್ ಲೂಯಿಸ್ ಎಂಬ ತಜ್ಞರಿದ್ದರು. ಅವರ ಪದ್ಧತಿಯಲ್ಲಿ ಸಸಿ ನೆಡುವುದು ಕೊನೆಯ ಕೆಲಸ. ಮೊದಲು ನೆಲದ ಎತ್ತರ ಅಳೆಯುವುದು. ನೀರು ಬರುವ ದಾರಿ ಕಟ್ಟಿದ್ದರೆ ಬಿಡಿಸುವುದು. ನೀರಿನ ಓಡಾಟ ಸರಿಯಾದರೆ ಬೀಜ ತಾನಾಗಿ ತೇಲಿ ಬಂದು ಹುಟ್ಟುತ್ತದೆ. ನಮ್ಮ ದೇಶದಲ್ಲೇ ಒಡಿಶಾದ ಚಿಲಿಕಾ ನೋಡಿ. ಹೂಳು ತುಂಬಿ, ಉಪ್ಪು ಕಡಿಮೆಯಾಗಿ, ಮೀನು ಹೋಗಿತ್ತು. 2000ನೇ ಇಸವಿಯಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದರು. ಉಪ್ಪು ನೀರು ಒಳಗೆ ಬಂತು, ಮೀನು, ಸಿಗಡಿ, ಏಡಿ ಮತ್ತೆ ಬಂದವು. 2002ರಲ್ಲಿ ಅದಕ್ಕೆ ರಾಮ್ಸರ್ (ಜೌಗು ಪ್ರದೇಶ ಕಾಯುವ ಅಂತರರಾಷ್ಟ್ರೀಯ ಒಪ್ಪಂದ) ಪ್ರಶಸ್ತಿಯೂ ಸಿಕ್ಕಿತು.

ಸೊಪ್ಪಿನಬೆಟ್ಟ
ಶಿರಸಿಯಿಂದ. ಆಫ್ರಿಕಾದ ಹಸಿರು ಗೋಡೆ ಬಗ್ಗೆ ನಾನು ಹೇಳ್ತೇನೆ, ಯಾಕೆಂದರೆ ಆ ಚಿತ್ರ ತೋರಿಸುವವರು ಅರ್ಧ ಕಥೆ ಮಾತ್ರ ಹೇಳುತ್ತಾರೆ.

2007ರಲ್ಲಿ ಆಫ್ರಿಕನ್ ಒಕ್ಕೂಟ ಶುರು ಮಾಡಿದ್ದು. ಸೆನೆಗಲ್‌ನಿಂದ ಜಿಬೂಟಿವರೆಗೆ ಸುಮಾರು 8,000 ಕಿಲೋಮೀಟರ್ ಉದ್ದ ಮರದ ಸಾಲು ಎಬ್ಬಿಸುವುದು ಮೊದಲ ಕಲ್ಪನೆ. ಮಳೆ ಕಡಿಮೆ, ನೋಡಿಕೊಳ್ಳುವ ಜನ ಇಲ್ಲ, ನೆಟ್ಟ ಸಸಿ ಎಷ್ಟೋ ಕಡೆ ಒಣಗಿತು. ಆಮೇಲೆ ಗೋಡೆ ಕಲ್ಪನೆ ಬಿಟ್ಟು, ಊರೂರಿನ ಹೊಲ, ಹುಲ್ಲುಗಾವಲು, ಕಾಡು ಸುಧಾರಿಸುವ ಕೆಲಸ ಆಯಿತು. 2030ಕ್ಕೆ 10 ಕೋಟಿ ಹೆಕ್ಟೇರ್ ಗುರಿ. ಅದರಿಂದ ಇನ್ನೂ ತುಂಬಾ ದೂರ ಇದ್ದಾರೆ.

ಇದೇ ಸೀಮೆಯ ನೈಜರ್ ದೇಶದಲ್ಲಿ ನಡೆದದ್ದು ನೋಡಿ. ಅಲ್ಲಿ 1980ರ ದಶಕದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದವರು ಸಸಿ ನೆಟ್ಟು ನೆಟ್ಟು ಸೋತಿದ್ದರು. ಹೊಲದಲ್ಲಿ ಕುರುಚಲು ಅಂದುಕೊಂಡಿದ್ದು ಕಡಿದ ಮರದ ಬುಡದಿಂದ ಬಂದ ಚಿಗುರು ಅಂತ ಆಮೇಲೆ ಗೊತ್ತಾಯಿತು. ನೆಲದಡಿ ಬೇರು ಜೀವಂತ ಇತ್ತು. ರೈತರು ಒಂದೆರಡು ಚಿಗುರು ಬಿಟ್ಟು ಉಳಿದದ್ದು ಸವರಿ, ದನದಿಂದ ಕಾಪಾಡಿದರು. ಇಪ್ಪತ್ತು ವರ್ಷದಲ್ಲಿ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಎದ್ದಿತು. ಹೆಚ್ಚಿನ ಕಡೆ ಸಸಿ ನೆಡಲೇ ಇಲ್ಲ.

ಇನ್ನೂ ಮುಖ್ಯವಾದದ್ದು ಇದೆ. ಫ್ರೆಂಚರ ಕಾಲದಿಂದ ಅಲ್ಲಿ ಹೊಲದ ಮರವೂ ಸರ್ಕಾರದ್ದು. ಕಡಿದರೆ ದಂಡ. ಹಾಗಾಗಿ ಚಿಗುರು ಕಂಡರೆ ರೈತ ಕಿತ್ತು ಹಾಕುತ್ತಿದ್ದ. ಆ ನಿಯಮ ಸಡಿಲವಾಗಿ, ಬೆಳೆಸಿದ ಮರದ ಸೌದೆ, ಸೊಪ್ಪು, ಕಾಯಿ ತನ್ನದು ಅಂತಾದ ಮೇಲೆ ಉಳಿಸಿದ. ನಮ್ಮ ಕಡೆಯ ಅಡಕೆ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ಹಕ್ಕು ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು ನಮ್ಮದು ಅಂತ ಇರುವುದರಿಂದಲೇ ಎಷ್ಟೋ ಬೆಟ್ಟ ಉಳಿದಿದೆ.

ನಿಮ್ಮ ಕಂಪನಿಯವರಿಗೆ ಒಂದೇ ಪ್ರಶ್ನೆ ಕೇಳಿ: ಗಿಡ ದೊಡ್ಡದಾದ ಮೇಲೆ ಆ ಜಾಗಕ್ಕೆ ಇಳಿಯುವ ಹಕ್ಕು ಯಾರದು?

ಯಲ್ಲಾಪುರದವ
ಎಲ್ಲ ಬೆಟ್ಟವೂ ಉಳಿದಿಲ್ಲ ಸ್ವಾಮಿ. ಸೊಪ್ಪು ಸವರಿ ಸವರಿ ಬೋಳಾದ ಬೆಟ್ಟಗಳು ನಮ್ಮ ಕಡೆ ಬೇಕಾದಷ್ಟಿವೆ. ಹಕ್ಕು ಕೊಟ್ಟರೆ ಉಳಿಯುತ್ತದೆ ಅಂತ ಸುಮ್ನೆ ಹೇಳಬೇಡಿ.

ಸೊಪ್ಪಿನಬೆಟ್ಟ
ಬೋಳಾದದ್ದೂ ಇದೆ, ಹೌದು. ಮೇಲ್ವಿಚಾರಣೆ ಮಾಡುವ ಊರಿನ ಕಟ್ಟುಪಾಡು ಎಲ್ಲಿ ಸತ್ತಿತೋ ಅಲ್ಲಿ ಬೋಳಾಯಿತು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಮರ ಕಡಿಯದಂತೆ ಅಪ್ಪಿಕೊಂಡರಲ್ಲ, ಅವರು ಕಾಡನ್ನು ಮುಟ್ಟಬೇಡಿ ಅನ್ನಲಿಲ್ಲ. ಉಳಿಸು, ಬೆಳೆಸು, ಬಳಸು ಅಂದರು. ಮೂರೂ ಬೇಕು. ಬಳಸು ಅನ್ನುವುದನ್ನು ತೆಗೆದರೆ ನಿಮ್ಮ ಬಳಚಿನ ಅಜ್ಜಿ ಹೊರಗೆ ನಿಲ್ಲಬೇಕಾಗುತ್ತದೆ.

ತಾರ್ಲೆ
ಒಳ್ಳೆ ಚರ್ಚೆ. ಮಧ್ಯೆ ಒಂದು ಮಾತು. ಬಳಚು ಸುಕ್ಕಕ್ಕೆ ಕಾಯಿ ಜಾಸ್ತಿ ಹಾಕಬೇಕು, ಹುಳಿಗೆ ಮುರುಗಲು. ಹುಣಸೆ ಹಾಕುವವರು ಇದ್ದಾರೆ, ಅದು ಸರಿ ಅಲ್ಲ.

ಬೈತಖೋಲ
ಮುರುಗಲು ಹಾಕುವವರು ಅಂಕೋಲಾದಿಂದ ಆಚೆ. ಕಾರವಾರದಲ್ಲಿ ನಾವು ಬೇರೆ ರೀತಿ ಮಾಡ್ತೇವೆ. ಅದಿರಲಿ.

ಎಲ್ಲರೂ ಗಿಡದ ಬಗ್ಗೆ ಮಾತಾಡ್ತಿದ್ದೀರಿ. ಮೀನಿನ ಬಗ್ಗೆ ಯಾರು ಮಾತಾಡೋದು? ಬಂಗಡೆ, ತಾರ್ಲೆ ಮೊದಲಿನ ಹಾಗೆ ಸಿಗುತ್ತಿಲ್ಲ. ಲೈಟ್ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ರಾತ್ರಿ ದಂಡೆಯಲ್ಲಿ ನಿಂತರೆ ಬೆಳಕು ಈಗಲೂ ಕಾಣಿಸುತ್ತದೆ. ನಿಯಮ ಮಾಡುವುದು ಮೇಲೆ, ಹೊಟ್ಟೆಗೆ ಪೆಟ್ಟು ಸಣ್ಣ ದೋಣಿಯವರಿಗೆ. ಮರಿ ಮೀನು ಫ್ಯಾಕ್ಟರಿಗೆ ಹೋಗುತ್ತದೆ. ನಮ್ಮ ಹಿರಿಯರು ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಬಲೆ) ಎಳೆಯುವಾಗ ಇಡೀ ಕೇರಿಗೆ ಪಾಲು ಇತ್ತು, ಯಾರು ಎಷ್ಟು ಎಳೆಯಬೇಕು, ಯಾವಾಗ ಎಳೆಯಬೇಕು ಅಂತ ಕೇರಿಯೇ ತೀರ್ಮಾನ ಮಾಡುತ್ತಿತ್ತು. ಪರ್ಸೀನ್ (ಮೀನಿನ ಹಿಂಡನ್ನೇ ಸುತ್ತುವ ಬಲೆಯ) ಬೋಟು ಬಂದ ಮೇಲೆ ಅದೆಲ್ಲ ಹೋಯಿತು.

ಹೊರದೇಶದಲ್ಲಿ ಮೀನಿಗೆ ಏನಾದರೂ ಮಾಡಿದ್ದಾರಾ? ಇದ್ದರೆ ಅದನ್ನು ಹೇಳಿ.

ನೀರುಕೋಳಿ
@ಬೈತಖೋಲ, ಮಾಡಿದ್ದಾರೆ. ಎರಡು ಹೇಳ್ತೇನೆ.

ಫಿಲಿಪ್ಪೀನ್ಸ್‌ನಲ್ಲೇ ಆಪೊ ಎಂಬ ಪುಟ್ಟ ದ್ವೀಪ. ಅಲ್ಲಿನ ಸಿಲ್ಲಿಮನ್ ವಿಶ್ವವಿದ್ಯಾಲಯದ ಆಂಜೆಲ್ ಅಲ್ಕಾಲಾ ಮೀನುಗಾರರ ಜೊತೆ ಕೂತು ಮಾತಾಡಿದರು. 1982ರಲ್ಲಿ ದ್ವೀಪದ ಒಂದು ಬದಿಯ ಸಣ್ಣ ಪಟ್ಟಿಯಲ್ಲಿ ಮೀನು ಹಿಡಿಯುವುದನ್ನು ಊರವರೇ ನಿಲ್ಲಿಸಿದರು. ಕಾವಲೂ ಅವರದೇ. ವರ್ಷ ಕಳೆದಂತೆ ಆ ಪಟ್ಟಿಯೊಳಗೆ ಮೀನು ದೊಡ್ಡದಾಯಿತು, ಸಂಖ್ಯೆ ಹೆಚ್ಚಿತು, ಪಕ್ಕದ ನೀರಿಗೂ ಹರಡಿತು. ಉಳಿದ ಕಡೆ ಬಲೆ ಹಾಕಲು ಅಡ್ಡಿಯಿಲ್ಲ.

ಇನ್ನೊಂದು ಮಡಗಾಸ್ಕರ್. ಅಂಡವಡೊಆಕಾ ಎಂಬ ಊರಿನವರು 2004ರಲ್ಲಿ ಆಕ್ಟೋಪಸ್ ಹಿಡಿಯುವ ದಿಬ್ಬದ ಒಂದು ಭಾಗಕ್ಕೆ ಕೆಲವು ತಿಂಗಳು ಹೋಗಲಿಲ್ಲ. ಆಕ್ಟೋಪಸ್ ಬೇಗ ಬೆಳೆಯುತ್ತದೆ. ತೆರೆದಾಗ ದೊಡ್ಡ ದೊಡ್ಡದು ಸಿಕ್ಕಿತು. ಅದನ್ನು ನೋಡಿ ಸುತ್ತಲಿನ ಊರುಗಳು ಕೇಳಿಕೊಂಡು ಬಂದು ಕಲಿತವು. ಆಮೇಲೆ ಅವೇ ಊರುಗಳು ಸೇರಿ ತಮ್ಮ ಕಡಲಿಗೆ ನಿಯಮ ಮಾಡಿಕೊಂಡವು.

ಇದು ಬಳಚಿಗೆ ಚೆನ್ನಾಗಿ ಹೊಂದುತ್ತದೆ. ಬಳಚೂ ಬೇಗ ಬೆಳೆಯುತ್ತದೆ, ಒಂದೇ ಕಡೆ ಇರುತ್ತದೆ. ಬಯಲನ್ನು ಪಾಲು ಮಾಡಿ, ಒಂದು ಪಾಲನ್ನು ಮರಿ ಬೆಳೆಯುವ ತಿಂಗಳು ಬಿಟ್ಟುಬಿಡಿ. ಯಾವ ತಿಂಗಳು ಅಂತ ಹೆಕ್ಕುವವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಬೈತಖೋಲ
ಊರವರು ಬಿಟ್ಟರೆ ಪಕ್ಕದ ಊರವರು ಬಂದು ಹೆಕ್ಕಿಕೊಂಡು ಹೋಗ್ತಾರೆ. ಆಗ?

ಅಘನಾಶಿನಿ_ದಂಡೆ
ಅದೇ ಭಯ ನಮಗೂ. ಅಳಿವೆಗೆ ಬರುವುದು ನಮ್ಮೂರಿನವರು ಮಾತ್ರ ಅಲ್ಲ. ಸುತ್ತಲಿನ ಎಷ್ಟೋ ಊರಿನವರು ಇಳಿಯುತ್ತಾರೆ. ಕೆಲವರು ದೋಣಿಯಲ್ಲಿ ಬಂದು ಸಣ್ಣದನ್ನೂ ಬಿಡುವುದಿಲ್ಲ.

ಮಾಸ್ತರು_ಅಂಕೋಲಾ
ಅದಕ್ಕೆ ಒಂದು ದಾರಿ ಇದೆ, ನಮ್ಮವರು ಬಳಸುತ್ತಿಲ್ಲ ಅಷ್ಟೇ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು. ಎಷ್ಟೋ ಕಡೆ ಸಮಿತಿ ಕಾಗದದ ಮೇಲೆ ಮಾತ್ರ ಇದೆ. ಬಳಚು ಎಲ್ಲಿ ಸಿಗುತ್ತದೆ, ಯಾವ ಜಾತಿ, ಯಾರು ಹೆಕ್ಕುತ್ತಾರೆ, ಯಾವ ತಿಂಗಳು, ಎಲ್ಲ ಅದರಲ್ಲಿ ಬರೆಸಿ. ಬರೆದಿಟ್ಟ ಮೇಲೆ ಆ ಬಯಲನ್ನು ಖಾಲಿ ಜಾಗ ಅನ್ನಲು ಯಾರಿಗೂ ಆಗುವುದಿಲ್ಲ.

ಇನ್ನೆರಡು ವಿಷಯ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ತಾಣವಾಗಿದೆ, 4,801 ಹೆಕ್ಟೇರ್. ಆ ಒಪ್ಪಂದದ ಮುಖ್ಯ ತತ್ವವೇ ವಿವೇಕದ ಬಳಕೆ. ಜನರನ್ನು ಹೊರಗಿಡಿ ಅಂತ ಅದು ಹೇಳುವುದಿಲ್ಲ. ಎರಡನೆಯದು, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಕಾಂಡ್ಲಾ ಕಾಡು ಹೇಗೆ ಸೂಕ್ಷ್ಮ ಜಾಗವೋ, ಜೀವ ತುಂಬಿದ ಕೆಸರು ಬಯಲೂ ಹಾಗೇ ಸೂಕ್ಷ್ಮ ಜಾಗ. ಒಂದನ್ನು ಅಳಿಸಿ ಇನ್ನೊಂದನ್ನು ಮಾಡಲು ಬರುವವರಿಗೆ ಈ ಸಾಲು ಓದಿ ಹೇಳಿ. ದಡದ ಹಕ್ಕಿಗಳು ಚಳಿಗಾಲದಲ್ಲಿ ದೂರದಿಂದ ಬಂದು ಮೇಯುವುದೂ ಆ ಬಯಲಲ್ಲೇ.

ಬೆಂಗಳೂರಿನ_ಭಟ್ಕಳಿಗ
ನೀವೆಲ್ಲ ಒಂದು ದೊಡ್ಡ ಅವಕಾಶ ಬಿಡ್ತಿದ್ದೀರಿ. ಕಾರ್ಬನ್ ಕ್ರೆಡಿಟ್, ಅಂದರೆ ಗಿಡ ಹಿಡಿದಿಟ್ಟ ಇಂಗಾಲಕ್ಕೆ ಸಿಗುವ ದುಡ್ಡು! ಕೀನ್ಯಾದಲ್ಲಿ ಕಾಂಡ್ಲಾ ನೆಟ್ಟು ಊರವರು ಡಾಲರ್ ಗಳಿಸುತ್ತಿದ್ದಾರೆ. ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ಪಾಲು ಕೇಳಿ. ಬಳಚಿಗಿಂತ ಜಾಸ್ತಿ ಬರುತ್ತದೆ.

ಮೊಂಬಾಸಾ_ಗೋಕರ್ಣ
ನಾನು ಕೆಲಸಕ್ಕೆ ಮೊಂಬಾಸಾದಲ್ಲಿದ್ದೆ. ಅಲ್ಲಿಂದ ದಕ್ಷಿಣಕ್ಕೆ ಗಾಜಿ ಕೊಲ್ಲಿ. ನೀವು ಹೇಳುತ್ತಿರುವ ಯೋಜನೆ ಮಿಕೋಕೊ ಪಮೋಜಾ. ನಾನು ಆ ಊರು ನೋಡಿದ್ದೇನೆ, ಹಾಗಾಗಿ ಸ್ವಲ್ಪ ತಿದ್ದುತ್ತೇನೆ.

ಮೊದಲನೆಯದು, ಅದು ಮುಖ್ಯವಾಗಿ ನೆಟ್ಟ ಕಾಡಲ್ಲ. ಇರುವ ಕಾಡನ್ನು ಕಡಿಯದಂತೆ ಕಾಯುವುದು ದೊಡ್ಡ ಕೆಲಸ, ಹೊಸದಾಗಿ ನೆಡುವುದು ಸಣ್ಣ ಭಾಗ. ಎಲ್ಲ ಸೇರಿ 117 ಹೆಕ್ಟೇರ್ ಮಾತ್ರ. 2013ರಿಂದ ನಡೆಯುತ್ತಿದೆ. ಕಾಡು ಸರ್ಕಾರದ್ದು, ಆದರೆ ಊರಿನ ಸಂಘದ ಜೊತೆ ಅರಣ್ಯ ಇಲಾಖೆಗೆ ಬರೆದ ಒಪ್ಪಂದ ಇದೆ. ದುಡ್ಡು ಎಲ್ಲಿಗೆ ಹೋಗಬೇಕು ಅಂತ ಊರವರು ಕೂತು ನಿರ್ಧರಿಸುತ್ತಾರೆ. ಕುಡಿಯುವ ನೀರಿಗೆ, ಶಾಲೆ ಪುಸ್ತಕಕ್ಕೆ ಹೋಗಿದೆ.

ಎರಡನೆಯದು, ದುಡ್ಡು ದೊಡ್ಡದಲ್ಲ. ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕ. ಊರಿಗೆಲ್ಲ ಸೇರಿ ಒಂದು ಕೆಲಸಕ್ಕೆ ಆಗುವಷ್ಟು. ಮನೆ ಮನೆಗೆ ಸಂಬಳ ಬರುವುದಿಲ್ಲ. ಅಲ್ಲಿನವರು ಮೀನು ಹಿಡಿಯುವುದನ್ನು ಬಿಟ್ಟಿಲ್ಲ. ಬಳಚು ಬಿಟ್ಟು ಕಾರ್ಬನ್ ನಂಬಿ ಅಂತ ನಮ್ಮವರಿಗೆ ಹೇಳುವುದು ಅನ್ಯಾಯ.

ಬೆಂಗಳೂರಿನ_ಭಟ್ಕಳಿಗ
ಸರಿ, ಆದರೆ ಕೋಸ್ಟಾರಿಕಾ? ಅಲ್ಲಿ ಸರ್ಕಾರವೇ ಕಾಡು ಉಳಿಸಿದವರಿಗೆ ದುಡ್ಡು ಕೊಡುತ್ತದೆ ಅಲ್ವಾ?

ಸೊಪ್ಪಿನಬೆಟ್ಟ
ಕೊಡುತ್ತದೆ. 1997ರಿಂದ. ಪೆಟ್ರೋಲ್, ಡೀಸೆಲ್ ತೆರಿಗೆಯ ಒಂದು ಪಾಲು ಅದಕ್ಕೇ ಮೀಸಲು. ದೇಶದ ಕಾಡು ಒಂದು ಕಾಲಕ್ಕೆ ಕಾಲು ಭಾಗಕ್ಕೆ ಇಳಿದಿತ್ತು, ಈಗ ಅರ್ಧಕ್ಕಿಂತ ಜಾಸ್ತಿ. ಆದರೆ ಇದನ್ನೂ ಪೂರ್ತಿ ಹೇಳಬೇಕು. ದುಡ್ಡು ಶುರುವಾಗುವ ಮುಂಚೆಯೇ ಅಲ್ಲಿ ದನದ ಮಾಂಸದ ಬೆಲೆ ಬಿದ್ದು, ಹುಲ್ಲುಗಾವಲು ಪಾಳು ಬಿದ್ದು, ಕಾಡು ತಾನಾಗಿ ಮರಳುತ್ತಿತ್ತು. 1996ರ ಕಾನೂನು ಕಾಡನ್ನು ಬೇರೆ ಬಳಕೆಗೆ ಬದಲಿಸುವುದನ್ನೇ ನಿಷೇಧಿಸಿತು. ಮೂರೂ ಸೇರಿ ಆದದ್ದು.

ನಮ್ಮಲ್ಲಿ ಜಲಾಶಯಕ್ಕೆ ನೀರು ಕೊಡುವ ಕಾಡು ಇಟ್ಟುಕೊಂಡಿರುವ ಊರಿಗೆ ವಿದ್ಯುತ್ ಬಿಲ್ಲಿನಲ್ಲಿ ಒಂದು ಪೈಸೆ ಪಾಲು ಇದೆಯಾ? ಸೂಪಾ, ಕೊಡಸಳ್ಳಿ, ಕದ್ರಾ ಎಲ್ಲ ನಮ್ಮ ಜಿಲ್ಲೆಯಲ್ಲೇ ಇವೆ.

ರೋಟರ್‌ಡ್ಯಾಮ್_ಹೊನ್ನಾವರ
ಹಾಲೆಂಡಿನ ಮರಳಿನ ವಿಷಯ ಬಂತು, ನಾನು ಇರುವುದೇ ಇಲ್ಲಿ. ಝಾಂಡ್‌ಮೋಟರ್ ಅಂತ ಅದರ ಹೆಸರು, ಹೇಗ್ ನಗರದ ದಕ್ಷಿಣಕ್ಕಿದೆ. 2011ರಲ್ಲಿ 2.15 ಕೋಟಿ ಘನ ಮೀಟರ್ ಮರಳನ್ನು ಸಮುದ್ರದಾಳದಿಂದ ತಂದು ದಡದ ಒಂದೇ ಕಡೆ ಕೊಕ್ಕೆಯ ಆಕಾರದಲ್ಲಿ ಸುರಿದರು. ಆಮೇಲೆ ಅಲೆ, ಗಾಳಿ, ಪ್ರವಾಹ ಅದನ್ನು ನಿಧಾನ ಎರಡೂ ಕಡೆ ಹರಡುತ್ತಾ ಬಂದಿವೆ. ಇಪ್ಪತ್ತು ವರ್ಷ ಬಾಳಲಿ ಎಂಬ ಲೆಕ್ಕದಲ್ಲಿ ಮಾಡಿದ್ದು. ಭಾನುವಾರ ಜನ ಅಲ್ಲಿ ಗಾಳಿಪಟ ಹಾರಿಸುತ್ತಾರೆ, ಮಕ್ಕಳು ಆಡುತ್ತಾರೆ.

ಊರಿಗೆ ಬಂದಾಗ ನೋಡಿದರೆ ಕಡಲ ಕೊರೆತಕ್ಕೆ ನಮ್ಮಲ್ಲಿ ಕಲ್ಲು ಸುರಿಯುವುದು ಒಂದೇ ಉಪಾಯ. ಘಟ್ಟದ ಕಲ್ಲು ಒಡೆದು ತಂದು ಹಾಕುತ್ತಾರೆ. ಕಲ್ಲಿನ ಗೋಡೆ ಮುಗಿಯುವಲ್ಲಿ ಕೊರೆತ ಜೋರಾಗುತ್ತದೆ, ಆಗ ಪಕ್ಕದ ಊರಿಗೂ ಗೋಡೆ ಬೇಕು. ದೋಣಿ ಎಳೆಯಲು ಜಾಗ ಇಲ್ಲ, ಕಡಲಾಮೆ ಮೊಟ್ಟೆ ಇಡಲು ಮರಳಿಲ್ಲ.

ಯಲ್ಲಾಪುರದವ
ಹಾಲೆಂಡಿನವರ ಹತ್ತಿರ ದುಡ್ಡಿದೆ, ಮಾಡ್ತಾರೆ. ಪ್ರತಿ ಮಳೆಗಾಲ ನಮ್ಮ ಅರಬ್ಬಿ ಸಮುದ್ರ ಒಂದೇ ಏಟಿಗೆ ಎಲ್ಲ ಒಯ್ಯುತ್ತದೆ.

ರೋಟರ್‌ಡ್ಯಾಮ್_ಹೊನ್ನಾವರ
ಹಾಗೇ ನಕಲು ಮಾಡಿ ಅಂತ ನಾನು ಹೇಳಿಲ್ಲ. ಮರಳು ಎಲ್ಲಿಂದ ಬರುತ್ತದೆ ಅಂತ ಅವರು ಮೊದಲು ಕೇಳಿಕೊಂಡರು. ನಮ್ಮ ದಡಕ್ಕೆ ಮರಳು ತರುವುದು ಹೊಳೆಗಳು. ಕಾಳಿಗೆ, ಶರಾವತಿಗೆ ಅಣೆಕಟ್ಟು ಕಟ್ಟಿದ್ದೇವೆ, ಮರಳು ಹಿಂದೆಯೇ ಉಳಿಯಿತು. ಕೆಳಗೆ ಉಳಿದದ್ದನ್ನು ಲಾರಿಯಲ್ಲಿ ತುಂಬಿದೆವು. ಆಮೇಲೆ ಕಡಲು ಕೊರೆಯುತ್ತಿದೆ ಅಂತ ಕಡಲಿಗೆ ಬೈಯುತ್ತೇವೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲ್ವಾ ಹೊಳೆ ನೋಡಿ. 1913ರಲ್ಲಿ ಒಂದು, 1927ರಲ್ಲಿ ಒಂದು ಅಣೆಕಟ್ಟು. 2011ರಿಂದ 2014ರ ಒಳಗೆ ಎರಡನ್ನೂ ಒಡೆದು ತೆಗೆದರು. ನೂರು ವರ್ಷದ ಹೂಳು ಹರಿದು ಬಂತು. ಹೊಳೆ ಬಾಯಲ್ಲಿ ಕೊರೆದು ಹೋಗಿದ್ದ ದಡ ಮತ್ತೆ ಬೆಳೆಯಿತು, ಏಡಿ, ಚಿಪ್ಪು, ಸಾಲ್ಮನ್ ಮೀನು ಎಲ್ಲ ಬಂತು. ಅಲ್ಲಿನ ಮೂಲನಿವಾಸಿ ಎಲ್ವಾ ಕ್ಲಾಲಂ ಜನ ಅದಕ್ಕಾಗಿ ದಶಕಗಟ್ಟಲೆ ಹೋರಾಡಿದ್ದರು.

ಕೋಡಿಬಾಗ
ಅಣೆಕಟ್ಟು ಒಡೀಬೇಕು ಅಂತೀರಾ ಈಗ? ಕರೆಂಟು ಯಾರು ಕೊಡ್ತಾರೆ?

ಅಪ್ಪೆಮಿಡಿ
ಒಡೆಯುವುದು ಬೇಡ, ಅಘನಾಶಿನಿಗೆ ಹೊಸದು ಕಟ್ಟದಿದ್ದರೆ ಸಾಕು. ಶಿರಸಿಯ ಶಂಕರ ಹೊಂಡದಿಂದ ಹೊರಟು, ಉಂಚಳ್ಳಿಯಲ್ಲಿ ಧುಮುಕಿ, ತದಡಿಯವರೆಗೆ ಒಂದೂ ಅಣೆಕಟ್ಟಿಲ್ಲದೆ ಹರಿಯುವ ಹೊಳೆ ಇದು. ಎಲ್ವಾದವರು ಕೋಟಿಗಟ್ಟಲೆ ಡಾಲರ್ ಸುರಿದು ಪಡೆದದ್ದು ನಮ್ಮ ಹತ್ತಿರ ಪುಕ್ಕಟೆಯಾಗಿ ಇದೆ. ತದಡಿಗೆ ದೊಡ್ಡ ವಿದ್ಯುತ್ ಸ್ಥಾವರ ಬರುತ್ತದೆ ಅಂದಾಗ ಅಳಿವೆಯ ಜನ, ಘಟ್ಟದ ಜನ ಒಟ್ಟಿಗೆ ಬೇಡ ಅಂದಿದ್ದಕ್ಕೆ ಉಳಿಯಿತು.

ಜಪಾನಿನ ಕೆಸೆನ್ನುಮಾದಲ್ಲಿ ಸಿಂಪಿ ಸಾಕುವವರ ಕಥೆ ಓದಿದಾಗಿನಿಂದ ನನಗೆ ನಮ್ಮ ಹೊಳೆಯದೇ ಯೋಚನೆ. ಅವರ ಕೊಲ್ಲಿಯಲ್ಲಿ ಕೆಂಪು ನೀರು (ಪಾಚಿ ಹೆಚ್ಚಿ ಕೆಂಪಾದ ನೀರು) ಬಂದು ಸಿಂಪಿ ಹಾಳಾಯಿತು. ಹೊಳೆಗುಂಟ ಮೇಲೆ ಹೋಗಿ ನೋಡಿದರೆ ಕಾಡು ಕೆಟ್ಟಿತ್ತು, ಕೊಳಕು ಸೇರುತ್ತಿತ್ತು. 1989ರಲ್ಲಿ ಹತಕೆಯಾಮ ಎಂಬ ಸಿಂಪಿ ಬೆಳೆಗಾರರು ಜೊತೆಯವರನ್ನು ಕಟ್ಟಿಕೊಂಡು ಬೆಟ್ಟ ಹತ್ತಿ ಅಗಲ ಎಲೆಯ ಮರ ನೆಟ್ಟರು. ಮೀನುಗಾರರು ಬೆಟ್ಟಕ್ಕೆ ಹೋಗಿ ಮರ ನೆಡುವುದು ಅಂದರೆ ಯೋಚಿಸಿ! ಆಮೇಲೆ ಬೆಟ್ಟದ ಊರಿನ ಶಾಲೆ ಮಕ್ಕಳನ್ನು ಕೊಲ್ಲಿಗೆ ಕರೆದುಕೊಂಡು ಬಂದು ಸಿಂಪಿ ತೋರಿಸಿದರು. 2011ರ ಸುನಾಮಿ ಅವರ ದೋಣಿ, ತೆಪ್ಪ ಎಲ್ಲ ಒಯ್ದಿತು. ಆದರೂ ಕೊಲ್ಲಿಯಲ್ಲಿ ಸಿಂಪಿ ಮತ್ತೆ ಬೆಳೆಯಿತು.

ನಿಮ್ಮ ಬಳಚು ತಿನ್ನುವ ಗೊಬ್ಬರ ನಮ್ಮ ಕಾಡಿನ ಎಲೆಯಿಂದ ಬಂದದ್ದು. ನಮ್ಮ ತೋಟಕ್ಕೆ ಹೊಡೆಯುವ ಕಳೆನಾಶಕವೂ ನಿಮ್ಮ ಅಳಿವೆಗೇ ಬರುತ್ತದೆ. ಇದು ನಮ್ಮ ಕಡೆಯವರು ಕೇಳಬೇಕಾದ ಮಾತು. ಕಂಪನಿಗೆ ಸಸಿ ನೆಡಲೇಬೇಕು ಅಂತಿದ್ದರೆ ಮೇಲೆ ಬರಲಿ. ಅಕೇಶಿಯಾ ಕಡಿದ ಬೋಳು ಗುಡ್ಡಗಳಿವೆ. ಹೊನ್ನೆ, ಮತ್ತಿ, ನೇರಳೆ, ಮುರುಗಲು ನೆಡಲಿ.

ಯಲ್ಲಾಪುರದವ
ಅಕೇಶಿಯಾ ಬೈಯುವುದು ಫ್ಯಾಶನ್ ಆಗಿದೆ. ಅದು ಬಂದ ಮೇಲೆ ಸೌದೆಗೆ ಕಾಡು ಮರ ಕಡಿಯುವುದು ಕಡಿಮೆಯಾಯಿತು ಅನ್ನುವುದನ್ನು ಮರೆಯಬೇಡಿ.

ಅಪ್ಪೆಮಿಡಿ
ಊರ ಪಕ್ಕ ಸೌದೆಗೆ ಇರಲಿ, ಬೇಡ ಅನ್ನುವುದಿಲ್ಲ. ಗುಡ್ಡದ ಮೇಲೆ ಗುಡ್ಡ ಅದೊಂದನ್ನೇ ತುಂಬಿದ್ದು ತಪ್ಪು. ಅದರಡಿ ದನಕ್ಕೆ ಹುಲ್ಲಿಲ್ಲ, ಜೇನಿಗೆ ಹೂವಿಲ್ಲ, ಮಂಗನಿಗೆ ಹಣ್ಣಿಲ್ಲ. ಮಂಗ ತೋಟಕ್ಕೆ ಬಂತು ಅಂತ ಆಮೇಲೆ ಕೂಗುತ್ತೇವೆ. ಹೊನ್ನಳ್ಳಿಯ ತುಳಸಿ ಗೌಡರು ನರ್ಸರಿಯಲ್ಲಿ ಜೀವಮಾನ ಕಳೆದರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ತಾಯಿ ಮರ ಯಾವುದು ಅಂತ ಅವರಿಗೆ ಗೊತ್ತಿತ್ತು. ಪದ್ಮಶ್ರೀ ಕೊಟ್ಟೆವು. 2024ರ ಡಿಸೆಂಬರಿನಲ್ಲಿ ಅವರು ಹೋದರು. ಅವರ ಜೊತೆ ಕೆಲಸ ಮಾಡಿದ ಹಾಲಕ್ಕಿ ಸಮುದಾಯದ ಹೆಂಗಸರಿಗೆ ಗೊತ್ತಿರುವುದನ್ನು ಈಗಲಾದರೂ ಬರೆದಿಟ್ಟುಕೊಳ್ಳಬೇಕು.

ಗಜನಿ_ರೈತ
ತಡವಾಗಿ ನೋಡಿದೆ. ಸಭೆಯಲ್ಲಿ ನಾನೂ ಇದ್ದೆ, ಊರು ನನ್ನದೂ ಅದೇ ಪಂಚಾಯಿತಿ.

ಎಲ್ಲರೂ ಬಯಲು, ಬೆಟ್ಟ ಅಂದಿರಿ. ನಡುವೆ ಗಜನಿ ಇದೆ. ಕಟ್ಟೆ ಒಡೆದು ಉಪ್ಪು ನೀರು ನುಗ್ಗಿ ಪಾಳು ಬಿದ್ದ ಗದ್ದೆ ಎಷ್ಟಿದೆ ನೋಡಿ. ಮೊದಲು ಅದರಲ್ಲಿ ಕಗ್ಗ ಬೆಳೆಯುತ್ತಿದ್ದೆವು. ಉಪ್ಪು ತಡೆಯುವ ಭತ್ತ, ನೆರೆ ನೀರು ನಿಂತರೂ ಸಾಯುವುದಿಲ್ಲ, ಗೊಬ್ಬರ ಬೇಡ. ಕೊಯ್ಲು ಆದ ಮೇಲೆ ಕಟ್ಟೆಯ ಬಾಗಿಲು ತೆಗೆದು ಉಬ್ಬರ ಬಿಟ್ಟರೆ ಸಿಗಡಿ, ಮೀನು ತಾನಾಗಿ ಬರುತ್ತಿತ್ತು. ಗದ್ದೆ ಊರಿನದು, ಕಟ್ಟೆ ಕೆಲಸಕ್ಕೆ ಮನೆಗೊಬ್ಬರು. ಸಿಗಡಿ ಗುತ್ತಿಗೆಯ ದುಡ್ಡಿನ ಆಸೆ ಬಂದ ಮೇಲೆ ಬಾಗಿಲು ವರ್ಷವಿಡೀ ತೆರೆದೇ ಇಟ್ಟರು. ಉಪ್ಪು ಏರಿತು, ಬೇಸಾಯ ನಿಂತಿತು. ಈಗ ಮಣಿಕಟ್ಟಾದಂಥ ಕೆಲವು ಊರಿನಲ್ಲಿ ಮಾತ್ರ ಕಗ್ಗ ಉಳಿದಿದೆ.

ಸಮುದ್ರ ಏರುತ್ತದೆ ಅಂತ ಜಗತ್ತೆಲ್ಲ ಉಪ್ಪು ತಡೆಯುವ ಭತ್ತ ಹುಡುಕುತ್ತಿದೆ. ನಮ್ಮ ಅಜ್ಜಂದಿರ ಬೀಜ ನಮ್ಮ ಕಣಜದಲ್ಲೇ ಇತ್ತು. ಆ ಕಂಪನಿ ದುಡ್ಡು ಕಟ್ಟೆ ಕಟ್ಟಲು ಬರಲಿ. ಕಟ್ಟೆಯ ಹೊರಮೈಗೆ ಕಾಂಡ್ಲಾ ನೆಡಲಿ. ಅಲ್ಲಿ ಬದುಕುತ್ತದೆ, ಅಲೆ ಹೊಡೆತ ತಡೆದು ಕಟ್ಟೆಯನ್ನೂ ಉಳಿಸುತ್ತದೆ. ಬಯಲಿಗೆ ಕೈ ಹಾಕುವುದು ಬೇಡ.

ನೀರುಕೋಳಿ
ಇಡೀ ಚರ್ಚೆಯಲ್ಲಿ ಸರಿಯಾದ ಉತ್ತರ ಇದು. ಕಟ್ಟೆ ಬದಿ ಎತ್ತರವೂ ಸರಿಯಾಗಿರುತ್ತದೆ.

ಕೋಡಿಬಾಗ
ಇದಕ್ಕೆ ನನ್ನ ತಕರಾರಿಲ್ಲ. ಕಾಂಡ್ಲಾ ಎಲ್ಲಾದರೂ ಬರಲಿ ಅಂತ ನನಗೆ. ಆದರೆ ಕಂಪನಿಯವರು ಒಪ್ಪುವುದು ಕಷ್ಟ. ಅವರಿಗೆ ಇಷ್ಟು ಹೆಕ್ಟೇರ್, ಇಷ್ಟು ಸಸಿ ಅಂತ ಲೆಕ್ಕ ತೋರಿಸಬೇಕು. ಕಟ್ಟೆ ಬದಿಯಲ್ಲಿ ಅಷ್ಟು ಸಸಿ ಹಿಡಿಯುವುದಿಲ್ಲ.

ಸೊಪ್ಪಿನಬೆಟ್ಟ
ಅದೇ ರೋಗ. ನೆಟ್ಟ ಸಸಿ ಎಣಿಸುವುದನ್ನು ಬಿಟ್ಟು ಐದು ವರ್ಷದ ಮೇಲೆ ಉಳಿದ ಗಿಡ ಎಣಿಸುತ್ತೇವೆ ಅಂತ ಒಪ್ಪಂದದಲ್ಲಿ ಬರೆಸಿ. ದುಡ್ಡಿನ ಒಂದು ಭಾಗ ಆಗ ಕೊಡಲಿ. ಒಪ್ಪಿದರೆ ಅವರ ಮನಸ್ಸು ಒಳ್ಳೆಯದು.

ಅಘನಾಶಿನಿ_ದಂಡೆ
ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಗಜನಿ_ರೈತ ಅವರೇ, ನಾಳೆ ಸಂಜೆ ಸಿಗೋಣ. ಸಭೆಯಲ್ಲಿ ನಾನು ಇಡುವುದು ಇಷ್ಟು: ಬಳಚಿನ ಬಯಲಿಗೆ ಸಸಿ ಬೇಡ, ಒಡೆದ ಕಟ್ಟೆ ಸರಿ ಮಾಡಿ ಅದರ ಹೊರಬದಿಗೆ ನೆಡಿ. ಯಾವ ಜಾತಿ ಅಂತ ಸ್ಥಳ ನೋಡಿ ತಜ್ಞರು ಹೇಳಲಿ. ಇಳಿಯುವ ಹಕ್ಕು ಈಗಿನಂತೆ ಊರವರಿಗೇ ಇರುತ್ತದೆ ಅಂತ ಬರೆದು ಕೊಡಿ. ಜೀವವೈವಿಧ್ಯ ಸಮಿತಿಯಲ್ಲಿ ಬಳಚು ಹೆಕ್ಕುವ ಹೆಂಗಸರು ಇರಲಿ. ಬಯಲಿನ ಒಂದು ಪಾಲು ಬಿಡುವ ವಿಷಯ ಪಕ್ಕದ ಊರಿನವರ ಜೊತೆ ಮಾತಾಡಿ ಆಮೇಲೆ.

ಮಾಸ್ತರು_ಅಂಕೋಲಾ
ಬರೆದೇ ಕೊಡಿ, ಬಾಯಲ್ಲಿ ಹೇಳಬೇಡಿ. ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಪ್ರತಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ.

ಬೈತಖೋಲ
ಸಭೆ ಎಷ್ಟು ಗಂಟೆಗೆ?

ಅಘನಾಶಿನಿ_ದಂಡೆ
ಬೆಳಿಗ್ಗೆ 10ಕ್ಕೆ. ಯಾಕೆ?

ಬೈತಖೋಲ
ಆ ದಿನ ಇಳಿತ ಯಾವಾಗ ಅಂತ ನೋಡಿದಿರಾ? 10ಕ್ಕೆ ನೀರು ಇಳಿದಿದ್ದರೆ ಹೆಕ್ಕುವ ಹೆಂಗಸರೆಲ್ಲ ಹೊಳೆಯಲ್ಲಿರುತ್ತಾರೆ. ಸಭೆಯಲ್ಲಿ ಕೂರುವುದು ನಾವು ಗಂಡಸರು ಮಾತ್ರ. ಉಬ್ಬರದ ಹೊತ್ತಿಗೆ ಸಭೆ ಇಡಿಸಿ.

ಗಜನಿ_ರೈತ
ಸರಿಯಾದ ಮಾತು. ಕಳೆದ ಸಭೆಗೂ ಅರ್ಧದಷ್ಟು ಹೆಂಗಸರು ಬಂದಿರಲಿಲ್ಲ, ಇದೇ ಕಾರಣ.

ಅಘನಾಶಿನಿ_ದಂಡೆ
ಈಗಷ್ಟೇ ಪಂಚಾಂಗ ನೋಡಿದೆ, ಆ ದಿನ ಬೆಳಿಗ್ಗೆಯೇ ಇಳಿತ. ಮಧ್ಯಾಹ್ನ 3ಕ್ಕೆ ಇಡಿ ಅಂತ ನಾಳೆಯೇ ಪಂಚಾಯಿತಿಗೆ ಅರ್ಜಿ ಕೊಡ್ತೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.